ಅವ್ವ ಓದಿಲ್ಲ, ಇನ್ಸುಲಿನ್ ತಾನೇ ಚುಚ್ಚಿಕೊಳ್ಳಬಲ್ಲಳೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಊರು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಅವ್ವನಿಗೆ 61 ವರ್ಷ. ಎರಡನೇ ಇಯತ್ತೆಗೇ ಶಾಲೆ ಬಿಡಿಸಿದರಂತೆ. ಅಂಕಿ ಬರುತ್ತದೆ, ಫೋನ್ ನಂಬರ್ ತಾನೇ ಒತ್ತುತ್ತಾಳೆ, ಬಸ್ಸಿನ ಬೋರ್ಡ್ ಓದಲು ಬರುವುದಿಲ್ಲ. ಎರಡು ಎಮ್ಮೆ ಕಟ್ಟಿದ್ದಾಳೆ, ಡೇರಿಗೆ ಹಾಲು ಹಾಕುತ್ತಾಳೆ. ಒಂಬತ್ತು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಕಳೆದ ತಿಂಗಳು ಡಾಕ್ಟರಿಗೆ ತೋರಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 10.8 ಬಂತು, ತುಂಬ ಹೆಚ್ಚಂತೆ. ಮಾತ್ರೆ ಸಾಲುತ್ತಿಲ್ಲ, ಬೆಳಿಗ್ಗೆ ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತಗೊಳ್ಳಬೇಕು ಅಂದರು. “ಇವರಿಗೆ ಹೇಳಿದ್ದು ತಿಳಿಯಲ್ಲ, ಓದಿದವರು ಯಾರಾದರೂ ಜೊತೆಗಿರಬೇಕು” ಅಂತಲೂ ಅಂದರು. ಅವ್ವ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು. ತಿಂಗಳಿಗೆಂದು ಕೊಡಿಸಿದ ಮಾತ್ರೆ ಅವಳಿಗೆ ಎರಡು ತಿಂಗಳು ಬರುತ್ತವೆ. ಕೇಳಿದರೆ “ತಗೋತೀನಿ ಬಿಡವಾ” ಅನ್ನುತ್ತಾಳೆ. ಅಣ್ಣ ಬಿ.ಕಾಂ. ಮುಗಿಸಿದವನು, ಅದೇ ಮನೆಯಲ್ಲಿದ್ದಾನೆ. ವಿಡಿಯೊ ನೋಡಿ ತನ್ನ ಬಿಪಿ ಮಾತ್ರೆ ಬಿಟ್ಟಿದ್ದಾನೆ. ಶುಗರ್ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ ಅಂತ ಅವ್ವನನ್ನೂ ಹೆದರಿಸಿ ಹಾಗಲಕಾಯಿ ರಸ ಕುಡಿಸುತ್ತಾನೆ. ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಬಂದುಬಿಡಲೇ? ಎಮ್ಮೆ ಬಿಟ್ಟು ಬರುವುದಿಲ್ಲ ಅನ್ನುತ್ತಾಳೆ. ಓದದವರಿಗೆ ಇದನ್ನೆಲ್ಲ ಕಲಿಸಲು ಆಗುತ್ತದೆಯೇ? ಓದಿದ ಅಣ್ಣನೇ ಹೀಗಾದರೆ ಓದಿಗೂ ಆರೋಗ್ಯದ ತಿಳಿವಳಿಕೆಗೂ ಏನು ಸಂಬಂಧ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ನಡುವೆ ಬರೆದುಬಿಟ್ಟ ಒಂದು ಸಾಲು: ತಿಂಗಳ ಮಾತ್ರೆ ಎರಡು ತಿಂಗಳು ಬರುತ್ತವೆ. ಅವ್ವ ಕಲಿಯಬಲ್ಲಳೋ ಇಲ್ಲವೋ ಅನ್ನುವುದಕ್ಕೂ ಮೊದಲು ಈ ಗಂಟು ಬಿಚ್ಚಬೇಕು. ಡಾಕ್ಟರ್ ಲೆಕ್ಕ ಹಿಡಿದದ್ದು ಚೀಟಿಯಲ್ಲಿ ಬರೆದ ಮಾತ್ರೆಯನ್ನು. ಅವ್ವನ ಹೊಟ್ಟೆಗೆ ಹೋದದ್ದು ಅದರ ಅರ್ಧ. ಹಾಗಿದ್ದರೆ 10.8 ಬಂದದ್ದು ಮಾತ್ರೆ ಸೋತಿದ್ದಕ್ಕೆ ಅಂತ ಈಗಲೇ ಹೇಳಲಾಗದು. ಪೂರ್ತಿ ಮಾತ್ರೆಯನ್ನು ಇನ್ನೂ ಯಾರೂ ಪರೀಕ್ಷಿಸಿಯೇ ಇಲ್ಲ.

ಇದರಲ್ಲಿ ಅಪಾಯವೂ ಅಡಗಿದೆ. ನಾಳೆ ಇನ್ಸುಲಿನ್ ಶುರುವಾಗಿ, ನಿಮ್ಮ ಕಣ್ಗಾವಲಿನಲ್ಲಿ ಅವ್ವ ಅದೇ ದಿನದಿಂದ ಎಲ್ಲ ಮಾತ್ರೆಯನ್ನೂ ತಪ್ಪದೆ ನುಂಗತೊಡಗಿದರೆ ಸಕ್ಕರೆ ಒಮ್ಮೆಗೇ ಕುಸಿಯಬಹುದು. ಅವರ ಮಾತ್ರೆಗಳಲ್ಲಿ ಸಕ್ಕರೆಯನ್ನು ಜೋರಾಗಿ ಇಳಿಸುವ ಗ್ಲಿಮೆಪಿರೈಡ್ ಇದ್ದರಂತೂ ಈ ಭಯ ಹೆಚ್ಚು. ಆದ್ದರಿಂದ ಮೊದಲ ಇನ್ಸುಲಿನ್‌ಗೆ ಮುಂಚೆ ಅದೇ ಡಾಕ್ಟರ ಬಳಿ ಹೋಗಿ “ಅವ್ವ ಇಷ್ಟು ದಿನ ನೀವು ಬರೆದುಕೊಟ್ಟದ್ದರಲ್ಲಿ ಅರ್ಧದಷ್ಟು ಮಾತ್ರೆಯನ್ನೇ ತಗೊಂಡಿದ್ದಾಳೆ” ಅಂತ ಸ್ಪಷ್ಟವಾಗಿ ಹೇಳಿ. ಅವರು ಕೆಲವು ವಾರ ಪೂರ್ತಿ ಮಾತ್ರೆ ಕೊಟ್ಟು ನೋಡೋಣ ಅನ್ನಬಹುದು, ಇನ್ಸುಲಿನ್ ಕಡಿಮೆ ಪ್ರಮಾಣದಲ್ಲಿ ಶುರು ಮಾಡಬಹುದು. ಒಂಬತ್ತು ವರ್ಷದ ಶುಗರ್, ಇನ್ಸುಲಿನ್ ನಿಜವಾಗಿಯೂ ಬೇಕಾಗಿರಬಹುದು. ಅವ್ವನ ತೂಕ ಇಳಿಯುತ್ತಿದ್ದರೆ, ಕಾಲಿನಲ್ಲಿ ಮಾಯದ ಗಾಯವಿದ್ದರೆ, ವಾಂತಿ ಅಥವಾ ಜ್ವರ ಇದ್ದರೆ ಒಂದು ದಿನವೂ ಕಾಯಬೇಡಿ.

ಇನ್ನು, ಅರ್ಧ ಮಾತ್ರೆ ಯಾಕೆ? “ತಿಳಿಯಲ್ಲ” ಅನ್ನುವುದು ಸುಲಭದ ಉತ್ತರ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಡಾಕ್ಟರಾಗಿ ಕೆಲಸ ಮಾಡಿದ ನನಗೆ ಆ ಉತ್ತರದ ಮೇಲೆ ನಂಬಿಕೆ ಹೋಗಿದೆ. ದಿನ ಬಿಟ್ಟು ದಿನ ಮಾತ್ರೆ ತಗೊಳ್ಳುವ ಹೆಂಗಸರನ್ನು ನಾನು ಬೈಯದೆ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಬಂದ ಉತ್ತರಗಳು ಹೀಗಿದ್ದವು: “ಮಗಳಿಗೆ ಎಷ್ಟಂತ ಖರ್ಚು ಹಚ್ಚೂದ್ರೀ.” “ತಲಿ ತಿರಗತಾವ್ರೀ, ಹೊಲದಾಗ ಬಿದ್ರ ಯಾರು ನೋಡ್ಬೇಕು.” “ಉಂಡಿದ್ದಿಲ್ಲ, ಅದಕ್ಕ ನುಂಗಲಿಲ್ಲ.” ಇದರಲ್ಲಿ ದಡ್ಡತನ ಎಲ್ಲಿದೆ? ಮೊದಲನೆಯದು ಮನೆವಾರ್ತೆ. ಎರಡನೆಯದು ಸಕ್ಕರೆ ಇಳಿದಾಗ ಆಗುವುದನ್ನು ಮೈಯೇ ಕಲಿಸಿದ ಎಚ್ಚರ. ಮೂರನೆಯವಳು ನಾವೇ ಹೇಳಿದ “ಊಟದ ಜೊತೆ” ಅನ್ನುವ ಮಾತನ್ನು ಅಕ್ಷರಶಃ ಪಾಲಿಸಿದವಳು. ಅವಳಿಗೆ ಎರಡು ಹೊತ್ತು ಊಟ ಇದೆಯೇ ಅಂತ ಕೇಳದೆ ಹೋದವರು ನಾವು.

ಒಬ್ಬ ಅಜ್ಜನನ್ನು ನಾನು ಮರೆಯಲಾರೆ. ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಬೆಳ್ಳಗೆ ಊದಿಕೊಂಡ, ಮೆತ್ತಗಾದ ಒಂದು ಮಾತ್ರೆ. “ಸಾಹೇಬ್ರ, ನಿಮ್ಮ ಗುಳಗಿ ಹೊಟ್ಟ್ಯಾಗ ಕರಗವಲ್ದು. ಹೋದಂಗ ವಾಪಸ್ ಬಂದೈತಿ” ಅಂದ. ಅದು ನಿಧಾನವಾಗಿ ಔಷಧ ಬಿಡುವ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ. ಔಷಧವೆಲ್ಲ ಕರುಳಿನಲ್ಲಿ ಇಳಿದುಹೋದ ಮೇಲೆ ಅದರ ಹೊರಚಿಪ್ಪು ಕೆಲವೊಮ್ಮೆ ಹಾಗೇ ಮಲದಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ತಿಂಗಳ ಹಿಂದೆ ನಾನೇ ಆ ಮಾತ್ರೆ ಬರೆದಿದ್ದೆ, ಇದೊಂದು ಮಾತು ಹೇಳಿರಲಿಲ್ಲ. ಆತ ಕಣ್ಣಾರೆ ಕಂಡದ್ದರಿಂದ ಸರಿಯಾದ ತರ್ಕ ಮಾಡಿ ಮಾತ್ರೆ ನಿಲ್ಲಿಸಿದ್ದ. ಕಡತದಲ್ಲಿ ಮಾತ್ರ “ಅನಕ್ಷರಸ್ಥ, ಔಷಧ ಸರಿಯಾಗಿ ತೆಗೆದುಕೊಳ್ಳುವುದಿಲ್ಲ” ಅಂತ ಬರೆದಿತ್ತು, ಅದೂ ನನ್ನದೇ ಕೈಬರಹದಲ್ಲಿ.

ಹಾಗಾದರೆ ಓದಿಗೂ ಆರೋಗ್ಯದ ತಿಳಿವಳಿಕೆಗೂ ಸಂಬಂಧವೇ ಇಲ್ಲವೇ? ಇದೆ, ಬಲವಾಗಿಯೇ ಇದೆ. ಆದರೆ ನಾವು ಅಂದುಕೊಂಡ ದಾರಿಯಲ್ಲಿ ಅಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75ರ ಆಸುಪಾಸು, ಗಂಡಸರದು 82, ಹೆಂಗಸರದು 68. ದಕ್ಷಿಣ ಕನ್ನಡದಲ್ಲಿ 88 ದಾಟಿದರೆ ಯಾದಗಿರಿಯಲ್ಲಿ 52 ಕೂಡ ಮುಟ್ಟಿರಲಿಲ್ಲ. ಆ ಲೆಕ್ಕದಲ್ಲಿ ಸಾಕ್ಷರರು ಅಂದರೆ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆಯಬಲ್ಲ, ಏಳು ವರ್ಷ ದಾಟಿದವರು. ಆರೋಗ್ಯ ಸಾಕ್ಷರತೆ ಬೇರೆಯದೇ ಸಂಗತಿ. ಮೈಗೆ ಸಂಬಂಧಿಸಿದ ಮಾಹಿತಿಯನ್ನು ಹುಡುಕಿಕೊಳ್ಳುವುದು, ತಿಳಿದುಕೊಳ್ಳುವುದು, ಸರಿಯೋ ತಪ್ಪೋ ತೂಗುವುದು, ಆಮೇಲೆ ಅದರಂತೆ ನಡೆಯುವುದು. ಡಾನ್ ನಟ್‌ಬೀಮ್ ಎಂಬ ಸಾರ್ವಜನಿಕ ಆರೋಗ್ಯ ತಜ್ಞರು 2000ನೇ ಇಸವಿಯಲ್ಲಿ ಇದನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದರು. ಓದಿ ಪಾಲಿಸುವುದು ಮೊದಲನೆಯದು, ಕೇಳಿ ಮಾತಾಡಿ ತಿಳಿದುಕೊಳ್ಳುವುದು ಎರಡನೆಯದು, ಕೇಳಿದ್ದನ್ನು ತೂಗಿ ನೋಡುವುದು ಮೂರನೆಯದು.

ನಿಮ್ಮ ಮನೆಯನ್ನು ಈ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ನೋಡಿ. ಅವ್ವ ಮೊದಲ ಮೆಟ್ಟಿಲಲ್ಲಿ ಎಡವುತ್ತಾಳೆ, ಚೀಟಿ ಓದಲಾರಳು. ಅಣ್ಣ ಅದನ್ನು ದಾಟಿದ್ದಾನೆ, ಮೂರನೆಯದರಲ್ಲಿ ಎಡವಿದ್ದಾನೆ: ವಿಡಿಯೊದಲ್ಲಿ ಹೇಳಿದವರು ಯಾರು, ಅವರಿಗೆ ಏನು ಮಾರಬೇಕಿದೆ ಅಂತ ಕೇಳಲಿಲ್ಲ. ಎರಡನೇ ಮೆಟ್ಟಿಲಲ್ಲಿ ಇಬ್ಬರೂ ಒಂದೇ. ಡಾಕ್ಟರ ಮುಂದೆ ಅವ್ವ ಬಾಯಿ ತೆರೆಯಲಿಲ್ಲ. ಅಣ್ಣ ಮಾತ್ರೆ ಬಿಡುವ ಮುಂಚೆ ಡಾಕ್ಟರನ್ನು ಕೇಳಲಿಲ್ಲ.

ಶಾಲೆ ಕೊಡುವುದು ಅಕ್ಷರ ಮಾತ್ರವಲ್ಲ. ಕುರ್ಚಿಯ ಮೇಲೆ ಕೂರುವ ಧೈರ್ಯ, “ಇನ್ನೊಮ್ಮೆ ಹೇಳಿ” ಅನ್ನುವ ಬಾಯಿ, ಡಾಕ್ಟರ ಕನ್ನಡದ ಪರಿಚಯ, ಮುಂದೆ ಸಿಗುವ ಸಂಬಳ ಎಲ್ಲವೂ ಅದರ ಜೊತೆಗೇ ಬರುತ್ತವೆ. ಓದದವರಿಗೆ ಇವೆಲ್ಲ ಒಟ್ಟಿಗೇ ತಪ್ಪಿಹೋಗುತ್ತವೆ. ಹೊರಗಿನಿಂದ ನೋಡುವವರಿಗೆ ಅಕ್ಷರ ಇಲ್ಲದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. 2011ರಲ್ಲಿ ಯುರೋಪಿನ ಎಂಟು ದೇಶಗಳಲ್ಲಿ ಸುಮಾರು 8,000 ಜನರನ್ನು ಕೇಳಿ ಒಂದು ಸಮೀಕ್ಷೆ ಮಾಡಿದರು. ಎಲ್ಲರೂ ಶಾಲೆ ಕಂಡ ದೇಶಗಳವು. ಆದರೂ ಹತ್ತಿರ ಹತ್ತಿರ ಅರ್ಧದಷ್ಟು ಜನರ, ಅಂದರೆ ಶೇ. 47ರಷ್ಟು ಜನರ ಆರೋಗ್ಯ ಸಾಕ್ಷರತೆ ಸಾಲದು ಅಂತ ಕಂಡುಬಂತು. ನೆದರ್‌ಲ್ಯಾಂಡ್ಸ್‌ನಲ್ಲಿ ಇದು 29, ಬಲ್ಗೇರಿಯಾದಲ್ಲಿ 62. ಯಾವುದರ ನಂಟು ಎಲ್ಲಕ್ಕಿಂತ ಗಟ್ಟಿ ಅಂತ ಹುಡುಕಿದಾಗ ಮೊದಲು ಬಂದದ್ದು ಓದಲ್ಲ, ವಯಸ್ಸೂ ಅಲ್ಲ, ಕೈಯಲ್ಲಿ ಹಣವಿಲ್ಲದಿರುವುದು. ಔಷಧಿಗೆ, ಡಾಕ್ಟರಿಗೆ ದುಡ್ಡು ಹೊಂದಿಸಲು ಒದ್ದಾಡುವವರೇ ಮಾಹಿತಿಯಲ್ಲೂ ಹಿಂದುಳಿದಿದ್ದರು. ಇದು ನನಗೆ ಅಚ್ಚರಿ ತರಲಿಲ್ಲ. ದವಾಖಾನೆಗೆ ಬಂದ ದಿನದ ಕೂಲಿ ಹೋಗಿದೆ, ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಬಸ್ಸಿಲ್ಲ ಅಂತ ಬಾಗಿಲ ಕಡೆಗೇ ನೋಡುತ್ತಿರುವವರ ಕಿವಿಗೆ ಯಾರ ಸಲಹೆಯೂ ಇಳಿಯುವುದಿಲ್ಲ.

ಓದು ಬಂದರೂ ಸಾಲದು ಅನ್ನುವುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುವ ಇನ್ನೊಂದು ಅಧ್ಯಯನವಿದೆ, ಅಮೆರಿಕದ್ದು, 2006ರಲ್ಲಿ ಪ್ರಕಟವಾದದ್ದು. “ಎರಡು ಮಾತ್ರೆ, ದಿನಕ್ಕೆ ಎರಡು ಬಾರಿ” ಅಂತ ಬರೆದ ಚೀಟಿಯನ್ನು ಓದಲು ಹೇಳಿದರು. ಓದು ಕಡಿಮೆ ಇದ್ದವರಲ್ಲೂ ಶೇ. 71ರಷ್ಟು ಜನ ಸರಿಯಾಗಿ ಓದಿ ಹೇಳಿದರು. “ಹಾಗಾದರೆ ಒಂದು ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ” ಅಂದಾಗ ಸರಿಯಾಗಿ ಎಣಿಸಿದವರು ಶೇ. 35 ಮಾತ್ರ. ನಾಲ್ಕು ಅನ್ನುವ ಸಂಖ್ಯೆ ಆ ಚೀಟಿಯಲ್ಲಿ ಎಲ್ಲೂ ಇರಲಿಲ್ಲ, ಅದನ್ನು ಲೆಕ್ಕ ಹಾಕಿಕೊಳ್ಳಬೇಕಿತ್ತು. ನಮ್ಮಲ್ಲಿ ಚೀಟಿಯ ಮೇಲೆ 1-0-1 ಅಂತ ಬರೆಯುತ್ತೇವೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದನ್ನು ನೂರಾ ಒಂದು ಅಂತ ಓದಿ ಗಾಬರಿಯಾಗಿ ಮರಳಿ ಬಂದ ಹೆಣ್ಣುಮಗಳನ್ನು ನಾನು ನೋಡಿದ್ದೇನೆ. ಓದಿದ್ದು ಅವಳು ಸರಿಯಾಗಿಯೇ. ಬರೆದದ್ದು ಅವಳಿಗಾಗಿ ಅಲ್ಲ.

ಭಾಷೆಯದೂ ಇದೇ ಕಥೆ. ಗೋಡೆಯ ಫಲಕದಲ್ಲಿ “ಮಧುಮೇಹ”, “ಅಧಿಕ ರಕ್ತದೊತ್ತಡ”. ಜನರ ಬಾಯಲ್ಲಿ “ಸಕ್ಕರಿ ಬ್ಯಾನಿ”, “ಬಿಪಿ”. ವರದಿ “ಪಾಸಿಟಿವ್” ಬಂತು ಅಂದರೆ ಒಳ್ಳೆಯದಾಯಿತು ಅಂತ ಕೈಮುಗಿದವರಿದ್ದಾರೆ. ತಾಂಡಾದಿಂದ ಬಂದ ಲಂಬಾಣಿ ಅಜ್ಜಿಗೆ ನಮ್ಮ ಕನ್ನಡವೇ ಎರಡನೆಯ ಭಾಷೆ, ಮಾತ್ರೆಯ ಪಟ್ಟಿಯ ಮೇಲಿನ ಇಂಗ್ಲಿಷ್ ಮೂರನೆಯದು. ವಯಸ್ಸಿನ ವಿಷಯ ಇನ್ನೂ ಸರಳ, ಆದರೂ ನಾವು ಮರೆಯುವುದು ಅದನ್ನೇ. ಅರವತ್ತು ದಾಟಿದ ಎಷ್ಟೋ ಜನರಿಗೆ ಅಕ್ಷರ ಬರುತ್ತದೆ, ಕಾಣುವುದಿಲ್ಲ. ಚಾಳೀಸಿನ ಕನ್ನಡಕ ಸಿಕ್ಕರೆ ಅವರ ಅರ್ಧ “ಅಜ್ಞಾನ” ಹೋಗುತ್ತದೆ. ಶುಗರ್ ಇರುವ ನಿಮ್ಮ ಅವ್ವನಿಗೆ ಕಣ್ಣಿನ ಪೊರೆಯನ್ನೂ ಕಣ್ಣಿನ ಒಳಪರದೆಯನ್ನೂ ವರ್ಷಕ್ಕೊಮ್ಮೆ ನೋಡಿಸಲೇಬೇಕು. ಇನ್ಸುಲಿನ್ ಕಲಿಸುವ ಮುಂಚೆ ನೋಡಿಸಿದರೆ ಇನ್ನೂ ಒಳ್ಳೆಯದು.

ಹೆಣ್ಣು ಅನ್ನುವ ಕಾರಣಕ್ಕೆ ಬರುವ ತೊಡಕು ಪುಸ್ತಕದಲ್ಲಿ ಕಾಣುವುದಿಲ್ಲ. “ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಿ” ಅಂದುಬಿಡುತ್ತೇವೆ. ಇನ್ನು ಅರ್ಧ ಗಂಟೆಗೆ ತಾನು ಉಣ್ಣುತ್ತೇನೆ ಅಂತ ಖಚಿತವಾಗಿ ಹೇಳಬಲ್ಲವರಿಗೆ ಮಾತ್ರ ಹೊಂದುವ ಮಾತಿದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಎಲ್ಲರದೂ ಆದಮೇಲೆ ಉಣ್ಣುತ್ತಾರೆ. ಮಗ ಬರುವುದು ತಡವಾದರೆ ಅವ್ವ ಕಾಯುತ್ತಾಳೆ. ಚುಚ್ಚಿಕೊಂಡ ಇನ್ಸುಲಿನ್ ಕಾಯುವುದಿಲ್ಲ. ಶ್ರಾವಣ ಸೋಮವಾರದ ಉಪವಾಸದ ದಿನ ಎಂದಿನ ಪ್ರಮಾಣ ಚುಚ್ಚಿಕೊಂಡು ಪ್ರಜ್ಞೆ ತಪ್ಪಿ ಬಂದವರನ್ನು ನಾನು ಉಳಿಸಿಕೊಂಡಿದ್ದೇನೆ. ಅವರಿಗೆ “ಉಪವಾಸ ಇದ್ದಾಗ ಏನು ಮಾಡಬೇಕು” ಅಂತ ಯಾರೂ ಹೇಳಿರಲಿಲ್ಲ, ಕೇಳಬಹುದು ಅಂತ ಅವರಿಗೂ ಹೊಳೆದಿರಲಿಲ್ಲ.

ಅಣ್ಣನ ವಿಷಯಕ್ಕೆ ಬರೋಣ. ನೀವು ಅವನ ಮೇಲೆ ಸಿಟ್ಟಾಗಿದ್ದೀರಿ, ಆದರೆ ಅವನ ಸ್ಥಿತಿಯನ್ನೂ ನೋಡಿ. ಹಳ್ಳಿಯ ಹೆಂಗಸರಿಗೆ ಬಸಿರು, ಬಾಣಂತನ, ಮಕ್ಕಳ ಲಸಿಕೆ ಅಂತ ಆಶಾ ಕಾರ್ಯಕರ್ತೆಯ ಜೊತೆ, ನರ್ಸಮ್ಮನ ಜೊತೆ ಒಂದಲ್ಲ ಒಂದು ಒಡನಾಟ ಇರುತ್ತದೆ. ಮೂವತ್ತೈದು ನಲವತ್ತರ ಗಂಡಸಿಗೆ ಆರೋಗ್ಯದ ಬಗ್ಗೆ ಸಲುಗೆಯಿಂದ ಕೇಳಲು ಊರಿನಲ್ಲಿ ಯಾರೂ ಇಲ್ಲ. ಇರುವುದು ಮೊಬೈಲ್ ಒಂದೇ. ಬಿಪಿಗೆ ನೋವಿಲ್ಲ, ಮಾತ್ರೆ ಬಿಟ್ಟರೂ ಮರುದಿನ ಏನೂ ಆಗುವುದಿಲ್ಲ. ಹಾಗಾಗಿ ವಿಡಿಯೊ ಹೇಳಿದ್ದೇ ನಿಜ ಅಂತ ಮೈಯೇ ಸಾಕ್ಷಿ ಹೇಳಿದಂತೆ ತೋರುತ್ತದೆ.

ಶುಗರ್ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆ ಅನ್ನುವ ಮಾತು ತಲೆಕೆಳಗಾದದ್ದು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಹತೋಟಿಯಲ್ಲಿ ಇಲ್ಲದ ಸಕ್ಕರೆ ಮತ್ತು ಬಿಪಿ. ಗೊಂದಲ ಹುಟ್ಟಿದ್ದಕ್ಕೂ ಕಾರಣವಿದೆ. ಕಿಡ್ನಿ ಆಗಲೇ ಸೋತವರಿಗೆ ಡಾಕ್ಟರು ಮೆಟ್‌ಫಾರ್ಮಿನ್ ಕಡಿಮೆ ಮಾಡುತ್ತಾರೆ, ಕೆಲವೊಮ್ಮೆ ನಿಲ್ಲಿಸುತ್ತಾರೆ. ಅಕ್ಕಪಕ್ಕದವರು ಅದನ್ನು ನೋಡಿ ಮಾತ್ರೆಯಿಂದಲೇ ಹೀಗಾಯಿತು ಅಂತ ತಿಳಿಯುತ್ತಾರೆ. ವರ್ಷಕ್ಕೊಮ್ಮೆ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸಿದರೆ ಅಣ್ಣನ ಹೆದರಿಕೆಗೆ ಉತ್ತರ ಕಾಗದದ ಮೇಲೆಯೇ ಸಿಗುತ್ತದೆ. ಹಾಗಲಕಾಯಿ ಸಕ್ಕರೆಯನ್ನು ತುಸು ಇಳಿಸಬಹುದು, ಪಲ್ಯ ಮಾಡಿಕೊಂಡು ಉಣ್ಣಲಿ. ಮಾತ್ರೆಯ ಜಾಗಕ್ಕೆ ಅದು ಬರಲಾರದು. ಖಾಲಿ ಹೊಟ್ಟೆಗೆ ರಸ, ಮೇಲೆ ಗ್ಲಿಮೆಪಿರೈಡ್, ಅದರ ಮೇಲೆ ಇನ್ಸುಲಿನ್ ಆದರೆ ಅಪಾಯ. ಇನ್ನೊಂದು ನಂಬಿಕೆ, ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಅಂತ. ಜೋಳದಲ್ಲೂ ಬಹುಪಾಲು ಪಿಷ್ಟವೇ. ಅಕ್ಕಿಗಿಂತ ಮೇಲು, ಲೆಕ್ಕ ಮಾತ್ರ ಬೇಕು.

ಅಣ್ಣನ ಜೊತೆ ವಾದ ಮಾಡಬೇಡಿ. ತೋಳಿಗೆ ಕಟ್ಟುವ ಬಿಪಿ ಯಂತ್ರವೊಂದನ್ನು ಮನೆಗೆ ಕಳಿಸಿ, ಒಂದು ವಾರ ಬೆಳಿಗ್ಗೆ ಸಂಜೆ ಐದು ನಿಮಿಷ ಕೂತು ಆಮೇಲೆ ಅಳೆದು ಬರೆದಿಡು ಅನ್ನಿ. ಮನೆಯಲ್ಲಿ ಅಳೆದದ್ದರ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಹೆಚ್ಚೇ. ಲೆಕ್ಕ ಓದಿದವನು, ತಾನೇ ಬರೆದ ಅಂಕಿಯನ್ನು ಅಲ್ಲಗಳೆಯುವುದು ಕಷ್ಟ. ಮಾತ್ರೆ ಬಿಡಲು ಒಳಗಿನ ಕಾರಣ ಬೇರೆಯೇ ಇರಬಹುದು, ಅದನ್ನೂ ಮೆಲ್ಲಗೆ ಕೇಳಿ. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತಗೊಂಡರೆ ಕೆಲವರಿಗೆ ಪಾದ ಊದುತ್ತದೆ. ಅದು ಬದಲಿಸಬಹುದಾದ ತೊಂದರೆ, ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ.

ಈಗ ಬೆಂಗಳೂರಿಗೆ ಕರೆತರುವ ಮಾತು. ಇದರಲ್ಲಿ ನಿಮ್ಮ ಮನಸ್ಸಿಗೆ ನೆಮ್ಮದಿ ಇದೆ, ಅವ್ವನಿಗೆ ನಷ್ಟ ಹೆಚ್ಚು ಅಂತ ನನ್ನ ಅಭಿಪ್ರಾಯ. ಎಮ್ಮೆ ಅಂದರೆ ಅವಳ ಕೈಯ ದುಡ್ಡು. ಮೇವು, ನೀರು, ಡೇರಿ ಅಂತ ಅವಳು ನಡೆಯುವ ನಡಿಗೆಯೇ ಒಂದು ಔಷಧ. ನಾಲ್ಕನೇ ಮಹಡಿಯ ಮನೆಯಲ್ಲಿ, ನೀವು ಕೆಲಸಕ್ಕೆ ಹೋದಮೇಲೆ, ಮಾತಾಡಿಸುವವರಿಲ್ಲದೆ ಕೂತರೆ ಸಕ್ಕರೆ ಹತೋಟಿಗೆ ಬರುತ್ತದೆ ಅನ್ನುವ ಭರವಸೆ ನನಗಿಲ್ಲ. ಕಣ್ಣು ತೀರಾ ಮಂದವಾಗಿದ್ದರೆ, ಮರೆವು ಶುರುವಾಗಿದ್ದರೆ, ಪದೇ ಪದೇ ಸಕ್ಕರೆ ಕುಸಿಯುತ್ತಿದ್ದರೆ ಆಗ ಯೋಚಿಸಬೇಕಾಗುತ್ತದೆ.

ಫೋನಿನಲ್ಲೇ ನೀವು ಎಲ್ಲವನ್ನೂ ನೋಡಿಕೊಳ್ಳುವುದು ಇನ್ನೊಂದು ದಾರಿ. ಬಹಳ ಮಕ್ಕಳು ಇದನ್ನು ಪ್ರೀತಿಯಿಂದ ಮಾಡುತ್ತಾರೆ. ನೀವು ಮೀಟಿಂಗಿನಲ್ಲಿದ್ದು ಫೋನ್ ಎತ್ತದ ದಿನ ಅವ್ವನಿಗೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ, ಇದು ಅದರ ತೊಂದರೆ. ನೀವು ಬೈಯಬಹುದು ಅಂತ ಅವಳು ಮುಚ್ಚಿಡತೊಡಗುತ್ತಾಳೆ. “ತಗೋತೀನಿ ಬಿಡವಾ” ಅನ್ನುವ ಮಾತಿನಲ್ಲಿ ನನಗೆ ಅದೇ ಕೇಳಿಸುತ್ತಿದೆ.

ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆ ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಅವ್ವನ ಹೆಸರು ಬರೆಸಿ. ಶುಗರ್, ಬಿಪಿಯ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತ. ಮಗಳಿಗೆ ಖರ್ಚು ಅನ್ನುವ ಅಳುಕು ಅಲ್ಲಿಗೆ ಹೋಗುತ್ತದೆ. ಒಂದು ಎಚ್ಚರ: ಪ್ರತಿ ಬಾರಿ ಕಂಪನಿ ಬದಲಾಗಬಹುದು, ಮಾತ್ರೆಯ ಬಣ್ಣ ಆಕಾರ ಬದಲಾಗುತ್ತದೆ. ಓದಲು ಬಾರದವರು ಮಾತ್ರೆಯನ್ನು ಗುರುತಿಡುವುದೇ ಬಣ್ಣದಿಂದ. ಹಳೆಯ ಬಿಳಿಯದನ್ನೂ ಹೊಸ ಹಳದಿಯನ್ನೂ ಬೇರೆ ಬೇರೆ ಅಂದುಕೊಂಡು ಎರಡನ್ನೂ ನುಂಗಿ ಬಂದವರಿದ್ದಾರೆ. ಹೊಸ ಮಾತ್ರೆ ತಂದ ದಿನವೇ ಹಳೆಯದನ್ನು ಬೇರೆ ಡಬ್ಬಿಗೆ ತೆಗೆದಿಡಬೇಕು. ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದ ಎರಡು ಬಟ್ಟೆಯ ಚೀಲ ಹೊಲಿಸಿ. ಮಾತ್ರೆಗಳು ಪಟ್ಟಿಯಲ್ಲೇ ಇರಲಿ, ಬಿಚ್ಚಿ ಹಾಕಬೇಡಿ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ. ಓದದವರಿಗೆ ಕಲಿಸಲು ಆಗುತ್ತದೆಯೇ? ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 1980ರಿಂದ 1990ರವರೆಗೆ ಮನೆ ಮನೆಗೆ ಹೋಗಿ, ಸುಮಾರು 1.2 ಕೋಟಿ ಮನೆಗಳ ತಾಯಂದಿರಿಗೆ ವಾಂತಿಭೇದಿಯಾದ ಮಗುವಿಗೆ ಉಪ್ಪು ಬೆಲ್ಲದ ನೀರು ಮಾಡುವುದನ್ನು ಕಲಿಸಿತು. ಅವರಲ್ಲಿ ಬಹುಪಾಲು ಹೆಂಗಸರಿಗೆ ಓದು ಬಾರದು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಳತೆ ಅವರ ಕೈಯಲ್ಲೇ ಇತ್ತು. ನನಗೆ ಅದಕ್ಕಿಂತ ಹಿಡಿಸಿದ್ದು ಸಂಬಳ ಕೊಟ್ಟ ಕ್ರಮ. ಕಲಿಸಿ ಹೋದ ಕೆಲವು ವಾರಗಳ ಮೇಲೆ ಬೇರೊಬ್ಬರು ಬಂದು ಆ ತಾಯಂದಿರಲ್ಲಿ ಕೆಲವರನ್ನು ಆರಿಸಿ, ಅವರಿಗೆ ಎಷ್ಟು ನೆನಪಿದೆ, ನೀರು ಸರಿಯಾಗಿ ಮಾಡುತ್ತಾರೆಯೇ ಅಂತ ನೋಡುತ್ತಿದ್ದರು. ಕಲಿಸಿದವಳ ಸಂಬಳ ತಾಯಿಗೆ ಎಷ್ಟು ತಿಳಿದಿದೆ ಅನ್ನುವುದರ ಮೇಲೆ ನಿಂತಿತ್ತು. ತಾಯಿಗೆ ತಿಳಿಯದಿದ್ದರೆ ಕಲಿಸಿದವಳಿಗೆ ಸಂಬಳ ಕಡಿಮೆ.

ನಿಮ್ಮ ಅವ್ವ ದಿನಾ ಡೇರಿಯಲ್ಲಿ ಹಾಲಿನ ಅಳತೆ, ಡಿಗ್ರಿ, ದರ ನೋಡಿ ಬಟವಾಡೆಯ ಲೆಕ್ಕ ಬಾಯಲ್ಲೇ ಇಟ್ಟುಕೊಂಡವಳು. ಇನ್ಸುಲಿನ್‌ಗೆ ಬೇಕಾದ ಲೆಕ್ಕ ಅದಕ್ಕಿಂತ ಕಷ್ಟದ್ದಲ್ಲ. ಅಂಕಿ ಬರುತ್ತದೆ ಅಂದಿರಿ, ಅಷ್ಟು ಸಾಕು. ಪೆನ್ ಕೊಡುತ್ತಾರೋ ಬಾಟಲಿ ಕೊಡುತ್ತಾರೋ ಕೇಳಿ. ಪೆನ್ ಆದರೆ ಕಿಟಕಿಯಲ್ಲಿ ಕಾಣುವ ಅಂಕಿ ನೋಡಿ ತಿರುಗಿಸುವುದು. ಟಿಕ್ ಟಿಕ್ ಸದ್ದು ಎಣಿಸುವುದೊಂದನ್ನೇ ನೆಚ್ಚಬಾರದು. ಬಾಟಲಿ ಆದರೆ ಸಿರಿಂಜಿನ ಟೋಪಿಯ ಬಣ್ಣ ಅವಳಿಗೆ ಕಲಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಟೋಪಿ. 100 ಯೂನಿಟ್‌ನ ಸಿರಿಂಜಿಗೆ ಕಿತ್ತಳೆ ಬಣ್ಣದ ಟೋಪಿ. 40ರ ಬಾಟಲಿಗೆ ಕಿತ್ತಳೆ ಟೋಪಿಯದನ್ನು ಬಳಸಿದರೆ ಅರ್ಧಕ್ಕಿಂತ ಕಡಿಮೆ ಔಷಧ ಹೋಗುತ್ತದೆ. 100ರ ಬಾಟಲಿಗೆ ಕೆಂಪು ಟೋಪಿಯದನ್ನು ಬಳಸಿದರೆ ಎರಡೂವರೆ ಪಟ್ಟು ಹೋಗುತ್ತದೆ, ಜೀವಕ್ಕೇ ಅಪಾಯ. ಮೆಡಿಕಲ್ ಅಂಗಡಿಯಲ್ಲಿ “ಕೆಂಪು ಟೋಪಿದು ಕೊಡ್ರಿ” ಅಂತ ಕೇಳಲು ಅವ್ವನಿಗೆ ಅಕ್ಷರ ಬೇಕಿಲ್ಲ.

ಬಾಟಲಿಯಲ್ಲಿರುವುದು ಮೊದಲಿನಿಂದಲೂ ಹಾಲಿನಂತೆ ಮಬ್ಬಾಗಿರುವ ಬಗೆಯ ಇನ್ಸುಲಿನ್ ಆದರೆ ಅಂಗೈ ನಡುವೆ ಉರುಳಿಸಬೇಕು, ಕುಲುಕಬಾರದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ ಇರಬೇಕು, ಹಿಮಗಟ್ಟುವ ಖಾನೆಯಲ್ಲಿ ಅಲ್ಲ. ಬಳಸುತ್ತಿರುವುದು ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಬೇಸಿಗೆಯಲ್ಲಿ ನಿಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಿಕೆಯೊಳಗೆ ಸಣ್ಣ ಮಡಿಕೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಾ ನೀರು ಹನಿಸಬೇಕು. ಬಾಟಲಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಒಳಗಿನ ಮಡಿಕೆಯಲ್ಲಿ ಇರಿಸಿದರೆ ಸಾಕು.

ಸಕ್ಕರೆ ಇಳಿದಾಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಸುಮ್ಮಸುಮ್ಮನೆ ಸಿಟ್ಟೂ ಬರಬಹುದು. ಆ ಕ್ಷಣವೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಲಿ, ಇಲ್ಲವೇ ದೊಡ್ಡ ನೆಲ್ಲಿಕಾಯಿಯಷ್ಟು ಬೆಲ್ಲ ತಿನ್ನಲಿ, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಅಷ್ಟೇ. ಹೊಲಕ್ಕೆ ಹೋಗುವಾಗ ಬೆಲ್ಲ ಸೆರಗಿನ ಗಂಟಿನಲ್ಲಿ ಇರಲೇಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಇದು ಅಣ್ಣನಿಗೂ ಅತ್ತಿಗೆಗೂ ಗೊತ್ತಿರಲಿ. ಊಟದ ಹೊತ್ತು ನಿಲ್ಲದ ಮನೆಯಾದರೆ ದಿನಕ್ಕೆ ಒಮ್ಮೆ ಚುಚ್ಚಿಕೊಳ್ಳುವ, ಊಟಕ್ಕೆ ಅಂಟಿಕೊಳ್ಳದ ಇನ್ಸುಲಿನ್ ಹೊಂದುತ್ತದೆಯೇ ಅಂತ ಡಾಕ್ಟರನ್ನು ಕೇಳಿ. ಅದರ ಬೆಲೆ ಹೆಚ್ಚು, ಎಲ್ಲ ಕಡೆ ಉಚಿತವಾಗಿ ಸಿಗದು.

ಮುಂದಿನ ಸಲ ಊರಿಗೆ ಹೋದಾಗ ಎರಡು ದಿನ ಹೆಚ್ಚು ರಜೆ ಹಾಕಿ. ಅವ್ವನ ಜೊತೆ ಹೋಗಿ, ಆದರೆ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಅವಳನ್ನೇ ಕೂರಿಸಿ, ನೀವು ಹಿಂದೆ ನಿಲ್ಲಿ. ಮಾತು ನಿಮ್ಮ ಕಡೆ ತಿರುಗಿದರೆ “ಅವ್ವನಿಗೇ ಹೇಳ್ರಿ ಸರ್” ಅನ್ನಿ. “ತಿಳೀತಾ?” ಅಂತ ಯಾರೇ ಕೇಳಿದರೂ ನಮ್ಮ ಹೆಂಗಸರು “ಹೂಂ ರೀ” ಅನ್ನುತ್ತಾರೆ, ಅದು ಮರ್ಯಾದೆಯ ಉತ್ತರ. ಹೊರಗೆ ಬಂದು, ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು, “ಅವ್ವಾ, ಅವರು ಹೇಳಿದ್ದು ನನಗ ಪೂರ್ತಿ ಕೇಳಲಿಲ್ಲ, ಹೆಂಗ ಚುಚ್ಕೋಬೇಕು ನನಗೊಮ್ಮಿ ತೋರಿಸು” ಅನ್ನಿ. ಖಾಲಿ ಸಿರಿಂಜ್ ಒಂದು, ನೀರು ಒಂದು ಲೋಟ, ಮೂಸಂಬಿ ಒಂದು ಇದ್ದರೆ ಸಾಕು. ಅವಳು ಎಲ್ಲಿ ತಡವರಿಸುತ್ತಾಳೋ ಅಷ್ಟನ್ನೇ ಕೇಳಲು ಅವಳನ್ನೇ ಮತ್ತೆ ಒಳಗೆ ಕಳಿಸಿ.

ಅದಕ್ಕೂ ಮೊದಲು, ಮನೆ ಮುಟ್ಟಿದ ರಾತ್ರಿಯೇ, ಮಾತ್ರೆಯ ಚೀಲ ತರಿಸಿ ನೆಲದ ಮೇಲೆ ಸುರಿದು ಇಬ್ಬರೂ ಕೂತು ಎಣಿಸಿ. ಬೈಯಬೇಡಿ. ಎಷ್ಟು ಉಳಿದಿವೆ, ಉಳಿದದ್ದಕ್ಕೆ ಅವ್ವ ಯಾವ ಕಾರಣ ಹೇಳಿದಳು ಅನ್ನುವುದನ್ನು ಅವಳದೇ ಮಾತಿನಲ್ಲಿ ನನಗೆ ಬರೆದು ಕಳಿಸಿ.